ಇಸಿಯು ಫೈಲ್ ಎಡಿಟ್ ಮಾಡಿದ ಮೇಲೆ ಚೆಕ್‌ಸಮ್ ಸರಿ ಮಾಡುವುದು: ಒರಿಜಿನಲ್ ಫೈಲಿನಿಂದ ರೋಡ್ ಟೆಸ್ಟ್‌ವರೆಗೆ

ಚಿತ್ರದುರ್ಗದ ಸ್ನೇಹಿತರೊಬ್ಬರ ಹಳೇ ಸ್ಕೋಡಾ ಆಕ್ಟೇವಿಯಾ, 1.8 ಟರ್ಬೊ ಪೆಟ್ರೋಲ್. ದಾವಣಗೆರೆಯ ನಮ್ಮ ಶೆಡ್ಡಿಗೆ ಬೆಳಿಗ್ಗೆ ಓಡಿಸಿಕೊಂಡೇ ಬಂದಿದ್ದರು, ಸಾಯಂಕಾಲ ಬಸ್ಸಿನಲ್ಲಿ ವಾಪಸ್ ಹೋದರು. ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಅದರ ಫೈಲಿನ ಮ್ಯಾಪಿನಲ್ಲಿ, ಅಂದರೆ ಎಂಜಿನ್ ಹೇಗೆ ಓಡಬೇಕು ಅಂತ ಹೇಳುವ ಸಂಖ್ಯೆಗಳ ಕೋಷ್ಟಕದಲ್ಲಿ, ನಾನು ಬದಲಿಸಿದ್ದು ಬರೀ ಹತ್ತು ಹನ್ನೆರಡು ಸಂಖ್ಯೆ. ಟೂಲಿನ ಪರದೆ ಮೇಲೆ ಚೆಕ್‌ಸಮ್ ಓಕೆ ಅಂತ ಹಸಿರು ಅಕ್ಷರವೂ ಬಂದಿತ್ತು. ಆ ಫೈಲನ್ನು ಇಸಿಯುಗೆ ಬರೆದು ಮುಗಿಸಿ ಸೆಲ್ಫ್ ಹೊಡೆದರೆ ಎಂಜಿನ್ ಹಿಡಿಯುತ್ತಿತ್ತು, ಒಂದು ಕ್ಷಣ ಓಡಿ ಆಫ್ ಆಗುತ್ತಿತ್ತು. ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಎಲೆಕ್ಟ್ರಾನಿಕ್ ಬೀಗ) ತೊಂದರೆ ಇರಬೇಕು ಅಂತ ಎರಡು ಗಂಟೆ ಅದರ ಹಿಂದೆ ಬಿದ್ದೆ. ಕೊನೆಗೆ ಸ್ಕ್ಯಾನರ್ ಹಾಕಿದಾಗ 16985 ಅಂತ ಕೋಡ್ ಬಂತು. ಫೋಕ್ಸ್‌ವ್ಯಾಗನ್ ಗುಂಪಿನ ಗಾಡಿಗಳಲ್ಲಿ ಇದು ಪಿ0601ಕ್ಕೆ ಸಮ. ಅಂದರೆ ಇಸಿಯು ತನ್ನ ಮೆಮೊರಿಯನ್ನು ಕೂಡಿ ನೋಡಿದೆ, ಲೆಕ್ಕ ತಾಳೆಯಾಗಿಲ್ಲ.

ಆ ಫೈಲಿನಲ್ಲಿ ಚೆಕ್‌ಸಮ್ ಒಂದಲ್ಲ, ಹತ್ತಾರು ಇದ್ದವು. ಟೂಲ್ ಮುಖ್ಯವಾದ ಒಂದನ್ನು ಸರಿ ಮಾಡಿ, ಉಳಿದವನ್ನು ಮುಟ್ಟೇ ಇರಲಿಲ್ಲ. ಎಡಿಟ್ ಮಾಡುವ ಮೊದಲೇ ಒರಿಜಿನಲ್ ಫೈಲನ್ನು ಅದೇ ಟೂಲಿಗೆ ಕೊಟ್ಟು, ಇದರಲ್ಲಿ ಎಷ್ಟು ಚೆಕ್‌ಸಮ್ ನಿನಗೆ ಕಾಣುತ್ತೆ ಅಂತ ನೋಡಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಈ ಬರಹದಲ್ಲಿ ಬೇರೆ ಏನು ಮರೆತರೂ ಪರವಾಗಿಲ್ಲ, ಇದೊಂದನ್ನು ಮರೀಬೇಡಿ: ಎಡಿಟ್ ಮಾಡದ ಫೈಲಿನ ಚೆಕ್‌ಸಮ್ಮನ್ನು ಮೊದಲು ಪರೀಕ್ಷೆ ಮಾಡಬೇಕು.

ಚೆಕ್‌ಸಮ್ ಅಂದರೆ ಏನು

ನಮ್ಮ ಎಪಿಎಂಸಿ ಯಾರ್ಡಿಗೆ ಮೆಕ್ಕೆಜೋಳದ ಲಾರಿ ಬರುತ್ತದಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಹೊರಡುವಾಗ ತೂಕ ಮಾಡಿ ಚೀಟಿ ಬರೆದಿರುತ್ತಾರೆ. ಇಲ್ಲಿ ಬಂದಾಗ ಮತ್ತೆ ತೂಗುತ್ತಾರೆ. ಚೀಟಿಯಲ್ಲಿ ಇರುವುದೂ ಕಾಟಾದಲ್ಲಿ ಬಂದಿದ್ದೂ ಒಂದೇ ಆದರೆ ಲಾರಿ ಒಳಗೆ ಹೋಗುತ್ತದೆ. ಇಸಿಯು ಮಾಡುವುದೂ ಇದೇ. ಒಂದು ವಿಳಾಸದಿಂದ ಇನ್ನೊಂದು ವಿಳಾಸದವರೆಗೆ ಇರುವ ಸಂಖ್ಯೆಗಳನ್ನೆಲ್ಲ ಕೂಡಿ, ಫೈಲಿನಲ್ಲೇ ಬರೆದಿಟ್ಟ ಮೊತ್ತದ ಜೊತೆ ಹೋಲಿಸುತ್ತದೆ. ನೀವು ಬೂಸ್ಟ್ (ಟರ್ಬೊ ಒತ್ತಡದ) ಮ್ಯಾಪಿನಲ್ಲಿ ಒಂದು ಸಂಖ್ಯೆ ಏರಿಸಿದರೆ ಒಂದು ಚೀಲ ಜಾಸ್ತಿ ಹಾಕಿದ ಹಾಗೆ, ಚೀಟಿ ಮಾತ್ರ ಹಳೇದು.

ಕಾಟಾಕ್ಕೆ ಒಂದು ಮಿತಿ ಇದೆ. ಮುಂದಿನ ಚೀಲ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದರೆ ತೂಕ ಬದಲಾಗುವುದಿಲ್ಲ. ಸುಮ್ನೆ ಕೂಡುವ ಚೆಕ್‌ಸಮ್ಮಿಗೂ ಅದು ತಿಳಿಯುವುದಿಲ್ಲ. ಅದಕ್ಕೇ ಸಿಆರ್‌ಸಿ ಅನ್ನುವ ಲೆಕ್ಕ ಬಂತು, ಅದರಲ್ಲಿ ಯಾವ ಚೀಲ ಯಾವ ಜಾಗದಲ್ಲಿದೆ ಅನ್ನುವುದೂ ಸೇರುತ್ತದೆ. ಅದಕ್ಕೂ ಮುಂದಿನದು ಡಿಜಿಟಲ್ ಸಹಿ, ಅಂದರೆ ಆರ್‌ಎಸ್‌ಎ. ಅದು ಕಂಪನಿಯವರ ಮೊಹರು ಇದ್ದ ಹಾಗೆ. ಸರಿಯಿದೆಯಾ ಅಂತ ಇಸಿಯು ನೋಡಬಲ್ಲದು, ಆದರೆ ಹೊಸದಾಗಿ ಒತ್ತಲು ಬೇಕಾದ ಖಾಸಗಿ ಕೀ ಕಂಪನಿಯ ಹತ್ತಿರ ಮಾತ್ರ ಇರುತ್ತದೆ. ಲೆಕ್ಕ ಹಾಕಿ ಕಂಡುಹಿಡಿಯುತ್ತೇನೆ ಅಂದರೆ ಆಗಲ್ಲ.

ಒಂದು ಲೆಕ್ಕ ಕೈಯಲ್ಲೇ ಮಾಡಿ ನೋಡೋಣ

ಟೂಲ್ ಒಳಗೆ ಏನು ನಡೆಯುತ್ತದೆ ಅನ್ನುವುದು ಒಂದು ಸಲ ಪೆನ್ನು ಹಿಡಿದು ಮಾಡಿದರೆ ಜೀವಮಾನಕ್ಕೂ ಮರೆಯುವುದಿಲ್ಲ. ಫೈಲಿನಲ್ಲಿ ಬಳಸುವ ಹೆಕ್ಸ್ (ಹದಿನಾರರ ಲೆಕ್ಕದ ಸಂಖ್ಯೆ) ಬದಲು ನಮ್ಮ ಮಾಮೂಲಿ ಸಂಖ್ಯೆಯಲ್ಲೇ ಹೇಳುತ್ತೇನೆ. ಇದು ಕಲಿಯುವುದಕ್ಕೆ ನಾನೇ ಮಾಡಿಕೊಂಡ ಸಣ್ಣ ಬ್ಲಾಕ್, ಯಾವ ಗಾಡಿಯದೂ ಅಲ್ಲ. ಒಂಬತ್ತು ಜಾಗ ಇವೆ, ಒಂದೊಂದರಲ್ಲೂ 16 ಬಿಟ್ ಸಂಖ್ಯೆ, ಅಂದರೆ 0ಯಿಂದ 65535ರವರೆಗೆ:

800, 1200, 1650, 2100, 2400, 2550, 2600, 2500, 65535

ಕೊನೆಯ 65535 ಖಾಲಿ ಜಾಗ. ಫ್ಲ್ಯಾಶ್ ಮೆಮೊರಿಯಲ್ಲಿ ಏನೂ ಬರೆಯದ ಜಾಗ ಹೀಗೇ ತುಂಬಿಕೊಂಡಿರುತ್ತದೆ.

ಎಲ್ಲ ಕೂಡಿದರೆ 81335. ಆದರೆ ಮೊತ್ತ ಇಡುವ ಜಾಗವೂ 16 ಬಿಟ್ಟಿನದೇ, 65535 ದಾಟಿದರೆ ಮತ್ತೆ ಸೊನ್ನೆಯಿಂದ ಶುರು. ಹಳೇ ಅಂಬಾಸಿಡರ್ ಗಾಡಿಯ ಮೀಟರ್ 99999 ಆದಮೇಲೆ ಸೊನ್ನೆಗೆ ಬರುತ್ತಿತ್ತಲ್ಲ, ಹಾಗೆ. ಆದ್ದರಿಂದ 81335ರಲ್ಲಿ 65536 ಕಳೆಯಬೇಕು, ಉಳಿದದ್ದು 15799. ಇದೇ ಚೆಕ್‌ಸಮ್. ಬಹಳ ಇಸಿಯುಗಳಲ್ಲಿ ಇದರ ಪಕ್ಕದಲ್ಲೇ ಇದರ ತಿರುವು ಸಂಖ್ಯೆಯನ್ನೂ ಇಟ್ಟಿರುತ್ತಾರೆ: 65535ರಲ್ಲಿ 15799 ಕಳೆದರೆ 49736. ಎರಡನ್ನೂ ಕೂಡಿದರೆ 65535 ಬರಲೇಬೇಕು.

ಈಗ ಎಡಿಟ್ ಮಾಡಿ. 2400 ಇದ್ದದ್ದು 2450, 2550 ಇದ್ದದ್ದು 2640, 2600 ಇದ್ದದ್ದು 2700. ಒಟ್ಟು 240 ಜಾಸ್ತಿ ಆಯಿತು. ಇಲ್ಲಿಂದ ಎರಡು ದಾರಿ.

ಒಂದು, ಚೀಟಿ ಬದಲಿಸುವುದು. ಹೊಸ ಚೆಕ್‌ಸಮ್ 16039, ಹೊಸ ತಿರುವು ಸಂಖ್ಯೆ 49496. ಎರಡನ್ನೂ ಬರೆಯಬೇಕು. ಒಂದನ್ನು ಬರೆದು ಇನ್ನೊಂದನ್ನು ಬಿಟ್ಟರೆ ಏನೂ ಮಾಡದೇ ಇದ್ದ ಹಾಗೇ ಆಗುತ್ತದೆ.

ಎರಡು, ಚೀಟಿ ಮುಟ್ಟದೆ ತೂಕ ಸರಿದೂಗಿಸುವುದು. ಖಾಲಿ ಜಾಗದ 65535ರಲ್ಲಿ 240 ಕಳೆದು 65295 ಬರೆಯಿರಿ. ಮೊತ್ತ ಮತ್ತೆ 81335, ಚೆಕ್‌ಸಮ್ ಹಳೇದೇ. ಹಳೇ ಫೈಲುಗಳಲ್ಲಿ ಜನ ಹೀಗೆ ಮಾಡುತ್ತಿದ್ದರು. ಖಾಲಿ ಅಂತ ಕಂಡ ಜಾಗ ನಿಜವಾಗಿ ಖಾಲಿಯೇ ಅಂತ ಖಾತ್ರಿ ಇಲ್ಲದಿದ್ದರೆ ಈ ದಾರಿ ಬೇಡ, ಮೊದಲನೆಯದೇ ವಾಸಿ.

ಈ ಲೆಕ್ಕದಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ, ಬೈಟುಗಳ ಕ್ರಮ. ಒಂದು 16 ಬಿಟ್ ಸಂಖ್ಯೆ ಎರಡು ಬೈಟಿನಲ್ಲಿ ಕೂರುತ್ತದೆ. ಹೆಕ್ಸ್ ಎಡಿಟರಿನಲ್ಲಿ 12 34 ಅಂತ ಎರಡು ಬೈಟ್ ಕಂಡರೆ ಅದನ್ನು 1234 ಅಂತ ಓದಬೇಕೋ 3412 ಅಂತ ಓದಬೇಕೋ? ಅದು ಪ್ರೊಸೆಸರ್ ಮೇಲೆ ಹೋಗುತ್ತದೆ. ಬಾಶ್ ಕಂಪನಿಯ ಇಸಿಯು ಮಾದರಿಗಳಾದ ಎಂಇ7, ಇಡಿಸಿ15ರಲ್ಲಿ ಇರುವ ಸಿ167 ಪ್ರೊಸೆಸರ್, ಇಡಿಸಿ17ರಲ್ಲಿ ಇರುವ ಟ್ರೈಕೋರ್, ಇವೆರಡೂ ಸಣ್ಣ ಬೈಟನ್ನು, ಅಂದರೆ ಬಿಡಿ ಸ್ಥಾನದ ಕಡೆಯದನ್ನು, ಮೊದಲು ಇಡುತ್ತವೆ, ಹಾಗಾಗಿ 3412. ಇಡಿಸಿ16ರಲ್ಲಿ ಪವರ್‌ಪಿಸಿ ಜಾತಿಯ ಪ್ರೊಸೆಸರ್, ಅಲ್ಲಿ ದೊಡ್ಡದು ಮೊದಲು, ಹಾಗಾಗಿ 1234. ಇಡಿಸಿ17 ಫೈಲಿನಲ್ಲಿ ಬ್ಲಾಕ್ ಮುಗಿಯುವ ಗುರುತಾಗಿ ಡೆಡ್‌ಬೀಫ್ (DEADBEEF) ಅನ್ನುವ ಹೆಕ್ಸ್ ಪದ ಇರುತ್ತದೆ. ನೇರವಾಗಿ ಹುಡುಕಿದರೆ ಸಿಗಲ್ಲ, ಯಾಕಂದರೆ ಫೈಲಿನಲ್ಲಿ ಅದರ ನಾಲ್ಕು ಬೈಟುಗಳು ಹಿಂದುಮುಂದಾಗಿ ಕೂತಿರುತ್ತವೆ. ಬೈಟುಗಳನ್ನು ಹಿಂದಿನಿಂದ ಮುಂದಕ್ಕೆ, EF BE AD DE ಅಂತ ಬರೆದು ಹುಡುಕಿ, ಸಿಗುತ್ತದೆ.

ಮೊದಲು ಇಸಿಯು ಯಾವುದು ಅಂತ ಗುರುತು ಹಿಡಿಯಿರಿ

ಗಾಡಿ ಹೆಸರು ಸಾಕಾಗಲ್ಲ. ಒಂದೇ ಮಾಡೆಲ್ಲಿನಲ್ಲಿ ವರ್ಷಕ್ಕೆ ತಕ್ಕ ಹಾಗೆ ಬೇರೆ ಬೇರೆ ಇಸಿಯು ಇರಬಹುದು. ಲೇಬಲ್ ನೋಡಿ. ಬಾಶ್ ಆದರೆ ಡೀಸೆಲ್ಲಿನ ಹಾರ್ಡ್‌ವೇರ್ ನಂಬರ್ 0281ರಿಂದ, ಪೆಟ್ರೋಲಿನದು 0261ರಿಂದ ಶುರುವಾಗುತ್ತದೆ. ಸಾಫ್ಟ್‌ವೇರ್ ನಂಬರ್ ಬಹಳ ಸಲ 1037ರಿಂದ. ಈ 1037 ಫೈಲಿನ ಒಳಗೂ ಓದುವ ಅಕ್ಷರದಲ್ಲೇ ಸಿಗುತ್ತದೆ, ಹೆಕ್ಸ್ ಎಡಿಟರಿನಲ್ಲಿ ಹುಡುಕಿ. ಲೇಬಲ್ ಮೇಲಿನದೂ ಫೈಲಿನದೂ ಬೇರೆ ಬೇರೆ ಇದ್ದರೆ ಗಾಬರಿ ಬೇಡ, ಸರ್ವೀಸಿನಲ್ಲಿ ಅಪ್‌ಡೇಟ್ ಆಗಿರಬಹುದು. ನಿಮಗೆ ಲೆಕ್ಕಕ್ಕೆ ಬರುವುದು ಫೈಲಿನಲ್ಲಿ ಇರುವುದು.

ಜಾತಿ ಗೊತ್ತಾದರೆ ಚೆಕ್‌ಸಮ್ ಸ್ವಭಾವವೂ ಅರ್ಧ ಗೊತ್ತಾದ ಹಾಗೆ. ಎಂಇ7ರಲ್ಲಿ ಮುಖ್ಯ ಚೆಕ್‌ಸಮ್ ಬೇರೆ, ಅದರ ಜೊತೆ ಬಹುಬಿಂದು ಚೆಕ್‌ಸಮ್ ಅಂತ ಒಂದು ಪಟ್ಟಿ ಇರುತ್ತದೆ. ಪಟ್ಟಿಯ ಪ್ರತಿ ಸಾಲಿನಲ್ಲಿ ನಾಲ್ಕು ಸಂಗತಿ: ಶುರುವಿನ ವಿಳಾಸ, ಕೊನೆಯ ವಿಳಾಸ, ಮೊತ್ತ, ಮೊತ್ತದ ತಿರುವು ಸಂಖ್ಯೆ. ಮೇಲೆ ಮಾಡಿದ ಲೆಕ್ಕವೇ ಅಲ್ಲಿ ಹತ್ತಾರು ಸಲ ನಡೆಯುತ್ತದೆ. ಇನ್ನೊಂದು ವಿಷಯ, ಆ ಪಟ್ಟಿಯ ವಿಳಾಸಗಳು ಪ್ರೊಸೆಸರ್ ನೋಡುವ ವಿಳಾಸ, ಫೈಲಿನದಲ್ಲ. ಪಟ್ಟಿಯಲ್ಲಿ 810000 ಅಂತ ಇದ್ದರೆ ಅದರಲ್ಲಿ 800000 ಕಳೆದು ಫೈಲಿನಲ್ಲಿ 10000ಕ್ಕೆ ಹೋಗಬೇಕು, ಎಲ್ಲವೂ ಹೆಕ್ಸ್. ಟ್ರೈಕೋರಿನಲ್ಲಿ ಫ್ಲ್ಯಾಶ್ 80000000ದಿಂದ ಶುರು.

ಇಡಿಸಿ17, ಎಂಇಡಿ17ರಲ್ಲಿ ಬ್ಲಾಕಿಗೊಂದು ಸಿಆರ್‌ಸಿ ಲೆಕ್ಕ, ಅದರ ಮೇಲೆ ಆರ್‌ಎಸ್‌ಎ ಸಹಿ. ಇದನ್ನು ಕೈಯಲ್ಲಿ ಮಾಡಲು ಹೋಗಬೇಡಿ, ಆ ಇಸಿಯುಗೆ ಅಂತಲೇ ಇರುವ ಚೆಕ್‌ಸಮ್ ಮಾಡ್ಯೂಲ್ ಬೇಕು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 ಗಾಡಿಗಳ ಇಸಿಯು ಇನ್ನೂ ಬಿಗಿ. ಕಲಿಯುತ್ತಾ ಇರುವವರು ಹೊಸ ಗಾಡಿಯ ತಂಟೆಗೆ ಹೋಗದೆ ಹಳೇ ಎಂಇ7 ಅಥವಾ ಇಡಿಸಿ15 ಮೇಲೆ ಕೈ ಪಳಗಿಸಿಕೊಳ್ಳಿ.

ಓದುವುದು, ಎರಡು ಸಲ

ಇಸಿಯುವಿನಿಂದ ಫೈಲನ್ನು ಎರಡು ಸಲ ಓದಿ, ಎರಡನ್ನೂ ಬೈಟಿಗೆ ಬೈಟ್ ಹೋಲಿಸಿ. ಒಂದೇ ಒಂದು ಬೈಟ್ ವ್ಯತ್ಯಾಸ ಇದ್ದರೂ ಕೇಬಲ್, ಕನೆಕ್ಟರ್, ವೋಲ್ಟೇಜ್ ನೋಡಿ ಮತ್ತೆ ಓದಿ. ಸೈಜ್ ನೋಡಿ: 512 ಕೆಬಿ ಚಿಪ್ ಆದರೆ 524288 ಬೈಟ್, 1 ಎಂಬಿ ಆದರೆ 1048576, 2 ಎಂಬಿ ಆದರೆ 2097152. ಪೂರ್ತಿ ಚಿಪ್ ಓದಿದ್ದರೆ ಇಷ್ಟೇ ಇರಬೇಕು, ಒಂದೂ ಹೆಚ್ಚುಕಮ್ಮಿ ಇರಬಾರದು. ಕೆಲವು ಟೂಲುಗಳು ಓಬಿಡಿಯಲ್ಲಿ (ಗಾಡಿಯ ಸ್ಕ್ಯಾನರ್ ಸಾಕೆಟ್ ಮೂಲಕ) ಮ್ಯಾಪ್ ಇರುವ ಭಾಗ ಮಾತ್ರ ಓದುತ್ತವೆ, ಆಗ ಸೈಜ್ ಬೇರೆ ಇರುತ್ತದೆ, ಪೂರ್ತಿ ಚೆಕ್‌ಸಮ್ ಪರೀಕ್ಷೆಯೂ ಆ ಫೈಲಿನಲ್ಲಿ ಆಗದೇ ಇರಬಹುದು.

ಒರಿಜಿನಲ್ ಅಂತ ಹೆಸರು ಕೊಟ್ಟು, ತಾರೀಖು ಮತ್ತು ಸಾಫ್ಟ್‌ವೇರ್ ನಂಬರ್ ಸೇರಿಸಿ, ಲ್ಯಾಪ್‌ಟಾಪಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು ಇಡಿ. ಆ ಫೈಲನ್ನು ಮತ್ತೆ ಯಾವತ್ತೂ ತೆರೆದು ಸೇವ್ ಮಾಡಬೇಡಿ. ಇಮ್ಮೊಬಿಲೈಸರ್ ಮಾಹಿತಿ ಇರುವ ಈಪ್ರಾಮ್ ಓದಲು ಬಂದರೆ ಅದನ್ನೂ ಓದಿ ಇಟ್ಟುಕೊಳ್ಳಿ. ಎಂಇ7ರಲ್ಲಿ ಅದು 512 ಬೈಟಿನ ಸಣ್ಣ ಚಿಪ್, ಅದರ ಚೆಕ್‌ಸಮ್ಮೇ ಬೇರೆ: 16 ಬೈಟಿನ ಸಾಲು ಸಾಲಾಗಿ ನೋಡಿದರೆ ಸಾಲಿನ ಕೊನೆಯ ಎರಡು ಬೈಟ್ ಆ ಸಾಲಿನ ಮೊತ್ತಕ್ಕೆ ಮೀಸಲು.

ಎಡಿಟ್ ಮಾಡದ ಫೈಲಿಗೆ ಪರೀಕ್ಷೆ

ನಾನು ಆಕ್ಟೇವಿಯಾದಲ್ಲಿ ಬಿಟ್ಟ ಹೆಜ್ಜೆ ಇದು. ಒರಿಜಿನಲ್ ಫೈಲಿನ ನಕಲು ತೆಗೆದು, ಚೆಕ್‌ಸಮ್ ಟೂಲಿನಲ್ಲಿ ಹಾಕಿ, ಸರಿಪಡಿಸು ಅನ್ನುವುದನ್ನು ಒತ್ತದೆ ಬರೀ ಪರೀಕ್ಷೆ ಮಾಡಿ. ವಿನ್‌ಓಎಲ್‌ಎಸ್ ಆದರೆ ಫೈಲ್ ತೆರೆಯುವಾಗಲೇ ಚೆಕ್‌ಸಮ್ ಮಾಡ್ಯೂಲ್ ಹುಡುಕುತ್ತದೆ. ಹೊಸ ಇಸಿಯುಗಳಿಗೆ ಮಾಡ್ಯೂಲನ್ನು ಬೇರೆಯಾಗಿ ಕೊಳ್ಳಬೇಕು. ಟ್ಯೂನರ್‌ಪ್ರೋ ಆದರೆ ಯಾವ ಮ್ಯಾಪ್ ಎಲ್ಲಿದೆ ಅಂತ ಹೇಳುವ ಎಕ್ಸ್‌ಡಿಎಫ್ ಫೈಲಿನಲ್ಲಿ ಚೆಕ್‌ಸಮ್ ವಿವರ ಬರೆದಿದ್ದರೆ ಮಾತ್ರ ಮಾಡುತ್ತದೆ, ಇಲ್ಲದಿದ್ದರೆ ಸುಮ್ನೆ ಸೇವ್ ಮಾಡುತ್ತದೆ. ಎಂಇ7ಗೆ ಎಂಇ7ಸಮ್ ಅಂತ ಉಚಿತ ಟೂಲ್ ಇದೆ, ಒಂದೊಂದು ಬ್ಲಾಕನ್ನೂ ವಿಳಾಸದ ಸಮೇತ ಪಟ್ಟಿ ಮಾಡಿ ತೋರಿಸುತ್ತದೆ. ಕಲಿಯಲು ಅದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ.

ಎಲ್ಲ ಸರಿ ಅಂತ ಬಂದರೆ ಮುಂದೆ ಹೋಗಿ. ಎಡಿಟ್ ಮಾಡದ ಫೈಲಿನಲ್ಲೇ ತಪ್ಪು ಅಂತ ಬಂದರೆ ಮೂರು ಕಾರಣ ಇರಬಹುದು. ಓದಿದ್ದು ಸರಿಯಾಗಿಲ್ಲ. ಅಥವಾ ಟೂಲ್ ಈ ಇಸಿಯುವನ್ನು ತಪ್ಪಾಗಿ ಗುರುತಿಸಿದೆ, ಬೇರೆ ಇಸಿಯುವಿನ ಲೆಕ್ಕ ಇದಕ್ಕೆ ಹಾಕುತ್ತಿದೆ. ಅಥವಾ ನಿಮಗಿಂತ ಮೊದಲೇ ಯಾರೋ ರೀಮ್ಯಾಪ್ ಮಾಡಿ ಚೆಕ್‌ಸಮ್ ಪರೀಕ್ಷೆಯನ್ನೇ ಬಂದ್ ಮಾಡಿದ್ದಾರೆ, ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಇದು ನನಗೆ ಸಿಕ್ಕಿದೆ. ಮೂರರಲ್ಲಿ ಯಾವುದು ಅಂತ ತಿಳಿಯುವವರೆಗೆ ಏನನ್ನೂ ಬರೆಯಬೇಡಿ. ಎರಡನೇ ಕಾರಣ ಎಲ್ಲಕ್ಕಿಂತ ಅಪಾಯ, ಯಾಕಂದರೆ ಆಗ ಸರಿಪಡಿಸು ಒತ್ತಿದರೆ ಟೂಲ್ ತನ್ನ ತಪ್ಪು ಲೆಕ್ಕದ ಮೊತ್ತವನ್ನು ಯಾವುದೋ ಮ್ಯಾಪಿನ ಮೇಲೋ ಪ್ರೋಗ್ರಾಂ ಕೋಡಿನ ಮೇಲೋ ಬರೆದುಬಿಡುತ್ತದೆ, ಆಮೇಲೆ ತಾನೇ ಓಕೆ ಅನ್ನುತ್ತದೆ.

ಸರಿ ಅಂತ ಬಂದರೂ ಎಷ್ಟು ಸರಿ ಅಂತ ಎಣಿಸಿ. ಎಂಇ7 ಫೈಲಿನಲ್ಲಿ ಒಂದೋ ಎರಡೋ ಚೆಕ್‌ಸಮ್ ಮಾತ್ರ ತೋರಿಸಿದರೆ ಆ ಟೂಲಿಗೆ ಬಹುಬಿಂದು ಪಟ್ಟಿ ಗೊತ್ತಿಲ್ಲ ಅಂತ ಅರ್ಥ.

ಆಮೇಲೆ ಇನ್ನೊಂದು ಸಣ್ಣ ಪರೀಕ್ಷೆ ಮಾಡಿ. ನಕಲಿನಲ್ಲಿ, ನೀವು ಬದಲಿಸಲು ಹೊರಟ ಮ್ಯಾಪಿನಲ್ಲೇ ಒಂದು ಸಂಖ್ಯೆ ಒಂದರಷ್ಟು ಏರಿಸಿ ಮತ್ತೆ ಪರೀಕ್ಷೆಗೆ ಹಾಕಿ. ಈಗ ತಪ್ಪು ಅಂತ ಬರಬೇಕು. ಈಗಲೂ ಎಲ್ಲ ಸರಿ ಅಂದರೆ ನೀವು ಮುಟ್ಟಿದ ಜಾಗವನ್ನು ಟೂಲ್ ನೋಡುತ್ತಲೇ ಇಲ್ಲ. ಆ ಟೂಲನ್ನು ನಂಬಬೇಡಿ.

ಎಡಿಟ್, ಸರಿಪಡಿಸುವಿಕೆ

ಮ್ಯಾಪ್ ಬದಲಿಸುವುದು ಬೇರೆಯೇ ವಿದ್ಯೆ, ಇಲ್ಲಿ ಬೇಡ. ಒಂದು ಮಾತು ಮಾತ್ರ: ಇಡಿಸಿ15ರ ಕೆಲವು ಫೈಲುಗಳಲ್ಲಿ ಒಂದೇ ಮ್ಯಾಪ್ ಎರಡು ಮೂರು ಕಡೆ ಇರುತ್ತದೆ, ಮ್ಯಾನುವಲ್ ಗೇರಿಗೆ ಒಂದು, ಆಟೋಮ್ಯಾಟಿಕ್ಕಿಗೆ ಒಂದು ಹೀಗೆ. ಯಾವುದನ್ನು ಬದಲಿಸಿದಿರಿ ಅನ್ನುವುದನ್ನು ವಿಳಾಸದ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಸರಿಪಡಿಸುವಾಗ ಒಳಗಿನಿಂದ ಹೊರಗೆ ಬನ್ನಿ. ಸಣ್ಣ ಬ್ಲಾಕಿನ ಮೊತ್ತವನ್ನು ಬರೆದ ಜಾಗವೇ ದೊಡ್ಡ ಬ್ಲಾಕಿನ ಲೆಕ್ಕದ ಒಳಗೆ ಬರುತ್ತಿರಬಹುದು. ಮೊದಲು ದೊಡ್ಡದನ್ನು ಸರಿ ಮಾಡಿ ಆಮೇಲೆ ಸಣ್ಣದನ್ನು ಬರೆದರೆ ದೊಡ್ಡದು ಮತ್ತೆ ತಪ್ಪಿತು. ಒಳ್ಳೇ ಟೂಲುಗಳು ಈ ಕ್ರಮವನ್ನು ತಾವೇ ನೋಡಿಕೊಳ್ಳುತ್ತವೆ. ಆದರೂ ಸರಿಪಡಿಸಿದ ಫೈಲನ್ನು ಇನ್ನೊಂದು ಸಲ ಪರೀಕ್ಷೆಗೆ ಹಾಕಿ, ಆದರೆ ಬೇರೊಂದು ಟೂಲಿನಲ್ಲಿ ಹಾಕಿ.

ಆಮೇಲೆ ಒರಿಜಿನಲ್ ಫೈಲಿಗೂ ಹೊಸ ಫೈಲಿಗೂ ಬೈಟ್ ಹೋಲಿಕೆ ಮಾಡಿ. ವ್ಯತ್ಯಾಸ ಕಾಣುವ ಜಾಗಗಳು ಎರಡೇ ಬಗೆ ಇರಬೇಕು: ನೋಟ್‌ಬುಕ್ಕಿನಲ್ಲಿ ಬರೆದ ವಿಳಾಸಗಳು, ಚೆಕ್‌ಸಮ್ ಇರುವ ಜಾಗಗಳು. ಮೂರನೆಯದು ಯಾವುದಾದರೂ ಕಂಡರೆ ಅದು ಏನು ಅಂತ ತಿಳಿಯದೆ ಮುಂದೆ ಹೋಗಬೇಡಿ. ಹೋಲಿಸುವುದಕ್ಕೆ ಐದು ನಿಮಿಷ ಬೇಕು ಅಷ್ಟೇ. ನನ್ನ ಕೈಯಲ್ಲಿ ಆಮೇಲೆ ಒಂದು ಗಾಡಿಯೂ ಕೆಡದೇ ಇರುವುದಕ್ಕೆ ಈ ಐದು ನಿಮಿಷವೇ ಕಾರಣ.

ಸರಿಪಡಿಸಿದ ಮೇಲೆ ಮತ್ತೆ ಒಂದು ಸಂಖ್ಯೆ ಬದಲಿಸಿದಿರಾ? ಮೊದಲಿನಿಂದ ಎಲ್ಲ ಮತ್ತೆ ಮಾಡಿ.

ಬರೆಯುವುದು

ಓಬಿಡಿಯಲ್ಲಿ ಬರೆಯುವ ಬಹಳ ಟೂಲುಗಳು ಬರೆಯುವ ಮೊದಲು ಚೆಕ್‌ಸಮ್ ತಾವೇ ಸರಿ ಮಾಡುತ್ತವೆ. ಬೆಂಚಿನ ಮೇಲೆ ಇಟ್ಟು ಬೂಟ್ ಮೋಡಿನಲ್ಲೋ ಬಿಡಿಎಂನಲ್ಲೋ (ಎರಡೂ ಇಸಿಯು ಬಿಚ್ಚಿ ನೇರ ಪ್ರೊಸೆಸರ್ ಮೂಲಕ ಬರೆಯುವ ದಾರಿ) ಬರೆದರೆ ಬಹಳ ಸಲ ಫೈಲ್ ಹೇಗಿದೆಯೋ ಹಾಗೇ ಹೋಗುತ್ತದೆ. ಟೂಲ್ ಮಾಡಿಕೊಳ್ಳುತ್ತೆ ಬಿಡು ಅಂತ ಕೂರುವ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಮೊದಲೇ ಸರಿ ಇರುವ ಫೈಲನ್ನು ಟೂಲ್ ಮತ್ತೊಮ್ಮೆ ಲೆಕ್ಕ ಹಾಕಿದರೆ ನಷ್ಟ ಏನೂ ಇಲ್ಲ.

ವೋಲ್ಟೇಜ್ ಬಗ್ಗೆ ಅಸಡ್ಡೆ ಬೇಡ. ಬರೆಯುವಷ್ಟು ಹೊತ್ತೂ 13 ವೋಲ್ಟ್ ಹತ್ತಿರ ಸ್ಥಿರವಾಗಿ ಇರಬೇಕು, ಅದಕ್ಕೆ ತಕ್ಕ ಪವರ್ ಸಪ್ಲೈ ಹಾಕಿ. ಮಾಮೂಲಿ ಚಾರ್ಜರ್ ಸಾಲದು. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳುವುದಕ್ಕೆ ಆಗಲ್ಲ, ಹಾಗಾಗಿ ಆ ಸಪ್ಲೈಯನ್ನೂ ಲ್ಯಾಪ್‌ಟಾಪನ್ನೂ ಯುಪಿಎಸ್ ಮೇಲೆ ಇಡಿ. ಹೆಡ್‌ಲೈಟ್, ಎಸಿ, ಸ್ಟೀರಿಯೊ ಎಲ್ಲ ಆಫ್. ರೇಡಿಯೇಟರ್ ಫ್ಯಾನ್ ತಿರುಗದ ಹಾಗೆ ಎಂಜಿನ್ ತಣ್ಣಗಿರುವಾಗ ಮಾಡಿ. ಲ್ಯಾಪ್‌ಟಾಪ್ ಸ್ಲೀಪ್‌ಗೆ ಹೋಗದ ಹಾಗೆ ನೋಡಿಕೊಳ್ಳಿ.

ಬರೆದ ಮೇಲೆ, ಸಾಧ್ಯವಾದರೆ, ವಾಪಸ್ ಓದಿ ಹೋಲಿಸಿ. ಆಮೇಲೆ ಇಗ್ನಿಶನ್ ಆನ್ ಮಾಡಿ, ಸ್ಟಾರ್ಟ್ ಮಾಡದೆ ಸ್ಕ್ಯಾನರಿನಲ್ಲಿ ಕೋಡ್ ನೋಡಿ. ಪಿ0601, ಪಿ0602, ಪಿ0605 ಇವುಗಳಲ್ಲಿ ಯಾವುದು ಬಂದರೂ ಸ್ಟಾರ್ಟ್ ಮಾಡಬೇಡಿ, ಫೈಲಿಗೆ ವಾಪಸ್ ಬನ್ನಿ. ಕೋಡ್ ಇಲ್ಲದಿದ್ದರೆ ಸ್ಟಾರ್ಟ್ ಮಾಡಿ, ಐಡ್ಲಿಂಗಿನಲ್ಲೇ ಹತ್ತು ನಿಮಿಷ ಬಿಡಿ. ಕೆಲವು ಇಸಿಯು ಎಂಜಿನ್ ಓಡುತ್ತಾ ಇರುವಾಗ ಹಿನ್ನೆಲೆಯಲ್ಲಿ ಚೂರು ಚೂರಾಗಿ ಮೆಮೊರಿ ಪರೀಕ್ಷೆ ಮಾಡುತ್ತವೆ, ತಪ್ಪಿದ್ದರೆ ಆಮೇಲೆ ಗೊತ್ತಾಗುತ್ತದೆ. ಆಫ್ ಮಾಡಿ, ಇಸಿಯು ಪೂರ್ತಿ ಮಲಗುವವರೆಗೆ ಒಂದೆರಡು ನಿಮಿಷ ಕಾದು, ಮತ್ತೆ ಆನ್ ಮಾಡಿ ಕೋಡ್ ನೋಡಿ. ಇಷ್ಟಾದ ಮೇಲೆ ರಸ್ತೆಗೆ ಇಳಿಸಿ. ಮೊದಲ ಸಲ ಊರೊಳಗಿನ ಹಳೇ ಪಿ.ಬಿ. ರಸ್ತೆಯಲ್ಲಿ ನಿಧಾನಕ್ಕೆ ಒಂದು ಸುತ್ತು ಸಾಕು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ಮಧ್ಯೆ ಗಾಡಿ ಲಿಂಪ್ ಮೋಡಿಗೆ (ಶಕ್ತಿ ಇಳಿಸಿಕೊಂಡು ಕುಂಟುವ ಸ್ಥಿತಿಗೆ) ಹೋದರೆ ಜೀವಕ್ಕೇ ಅಪಾಯ.

ಚೆಕ್‌ಸಮ್ ಪರೀಕ್ಷೆಯನ್ನೇ ಬಂದ್ ಮಾಡಿದರೆ ಆಗಲ್ವಾ

ಕೆಲವು ಇಸಿಯುಗಳಲ್ಲಿ ಆಗುತ್ತದೆ, ಮಾಡುವವರೂ ಇದ್ದಾರೆ. ನಾನು ಬೇಡ ಅನ್ನುತ್ತೇನೆ. ಆ ಪರೀಕ್ಷೆ ಇರುವುದು ಬರೀ ನಮ್ಮನ್ನು ತಡೆಯುವುದಕ್ಕಲ್ಲ. ಇಸಿಯು ಎಂಜಿನ್ ಶಾಖದಲ್ಲಿ ವರ್ಷಗಟ್ಟಲೆ ಬದುಕಬೇಕು. ಫ್ಲ್ಯಾಶ್ ಚಿಪ್ ಹಳೇದಾಗಿ ಒಂದು ಬಿಟ್ ಕೆಟ್ಟರೆ, ಅದು ಇಗ್ನಿಶನ್ ಟೈಮಿಂಗ್ ಮ್ಯಾಪಿನಲ್ಲೇ ಕೆಟ್ಟರೆ, ಹೇಳುವವರು ಯಾರು? ಪರೀಕ್ಷೆ ಬಂದ್ ಆಗಿದ್ದರೆ ಪಿಸ್ಟನ್ ಹೋದ ಮೇಲೆ ಗೊತ್ತಾಗುತ್ತದೆ. ಇನ್ನೊಂದು ಕಡೆ, ಚೆಕ್‌ಸಮ್ ಸರಿಯಿದ್ದ ಮಾತ್ರಕ್ಕೆ ಮ್ಯಾಪ್ ಸರಿಯಿದೆ ಅಂತಲೂ ಅಲ್ಲ. ಹುಳ ಹಿಡಿದ ಜೋಳಕ್ಕೂ ತೂಕದ ಚೀಟಿ ಸರಿಯಾಗಿಯೇ ಬರುತ್ತದೆ.

ಕಾನೂನಿನ ಮಾತನ್ನೂ ಕೆಲಸ ಶುರು ಮಾಡುವ ಮೊದಲೇ ಗಾಡಿ ಮಾಲೀಕರಿಗೆ ಹೇಳಿಬಿಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಬದಲಾವಣೆಗೆ ಮಿತಿ ಹಾಕಿದೆ. ವಾರಂಟಿ ಕೈಬಿಡುವ ಸಂಭವ ಬಹಳ ಇದೆ. ಹೊಗೆ ನಿಯಂತ್ರಣದ ಇಜಿಆರ್, ಡಿಪಿಎಫ್ ಕಿತ್ತುಹಾಕುವ ಫೈಲುಗಳನ್ನು ನಾನು ಮಾಡುವುದಿಲ್ಲ. ಆ ಹೊಗೆ ಕುಡಿಯುವವರು ನಮ್ಮ ಬೀದಿಯ ಮಕ್ಕಳೇ.

ಗಾಡಿ ಎದ್ದೇಳದೇ ಹೋದರೆ

ಹೆದರಬೇಡಿ. ಓಬಿಡಿಯಲ್ಲಿ ಬರೆಯುವಾಗ ನಿಂತಿದ್ದರೆ ಇಗ್ನಿಶನ್ ಆಫ್ ಮಾಡಬೇಡಿ, ಬ್ಯಾಟರಿ ತೆಗೆಯಬೇಡಿ, ಮೊದಲು ಟೂಲಿನ ರಿಕವರಿ ಪ್ರಯತ್ನಿಸಿ. ಅದೂ ಆಗದಿದ್ದರೆ ಬೂಟ್ ಮೋಡ್ ಇದೆ. ಸಿ167, ಟ್ರೈಕೋರ್ ಎರಡರಲ್ಲೂ ಬೂಟ್ ಲೋಡರ್ ಪ್ರೊಸೆಸರಿನ ಒಳಗೇ ಇರುತ್ತದೆ, ಫ್ಲ್ಯಾಶ್ ಪೂರ್ತಿ ಹಾಳಾದರೂ ಅದು ಹಾಳಾಗಲ್ಲ. ಎಡಿಟ್ ಮಾಡಿದ ಫೈಲನ್ನೇ ಮತ್ತೆ ಮತ್ತೆ ಬರೆಯುತ್ತಾ ಕೂರದೆ ಒರಿಜಿನಲ್ ಬರೆಯಿರಿ, ಗಾಡಿ ಎದ್ದ ಮೇಲೆ ತಪ್ಪು ಹುಡುಕಿ.

ಆಕ್ಟೇವಿಯಾ ಹಾಗೇ ಎದ್ದಿತು. ಮಾರನೇ ದಿನ ಬೆಳಿಗ್ಗೆ ಇಸಿಯು ಬಿಚ್ಚಿ, ಬೆಂಚಿನ ಮೇಲೆ ಬೂಟ್ ಮೋಡಿನಲ್ಲಿ ಒರಿಜಿನಲ್ ಬರೆದೆ, ಒಂದೇ ಸೆಲ್ಫಿಗೆ ಹಿಡಿಯಿತು. ಆಮೇಲೆ ನನ್ನ ಎಡಿಟ್ ಫೈಲನ್ನು ಎಂಇ7ಸಮ್‌ಗೆ ಕೊಟ್ಟೆ. ಬಹುಬಿಂದು ಪಟ್ಟಿಯಲ್ಲಿ ಮೂರು ಸಾಲು ತಪ್ಪು ಅಂತ ಬಂತು, ಮೂರೂ ನಾನು ಮುಟ್ಟಿದ ಮ್ಯಾಪ್ ಇರುವ ವಿಳಾಸಗಳೇ. ಸರಿಪಡಿಸಿ, ಮತ್ತೆ ಪರೀಕ್ಷಿಸಿ, ಒರಿಜಿನಲ್ ಜೊತೆ ಹೋಲಿಸಿ ಬರೆದೆ. ಸ್ನೇಹಿತರು ಮಧ್ಯಾಹ್ನದ ಬಸ್ಸಿಗೆ ಬಂದು ಗಾಡಿ ತೆಗೆದುಕೊಂಡು ಹೋದರು.